ಪೇರಲ ಬೇಯಿಸಿ ತಿಂದ ಶರದೃತು

ನವರಾತ್ರಿ ಮುಗಿದ ಮಾರನೇ ವಾರ ನನಗೆ ಒಣಕೆಮ್ಮು ಹಿಡಿಯಿತು. ನಾನು ಸಿದ್ದಾಪುರದ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರು. ಸಿರ್ಸಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಬೆಳಿಗ್ಗೆ ದಟ್ಟ ಮಂಜು, ಮಧ್ಯಾಹ್ನ ಚುರುಗುಟ್ಟುವ ಬಿಸಿಲು. ಹಳಗನ್ನಡ ಪದ್ಯವನ್ನು ರಾಗವಾಗಿ ಓದುತ್ತಿದ್ದರೆ ಸರಿಯಾಗಿ ಪ್ರಾಸದ ಜಾಗದಲ್ಲೇ ಕೆಮ್ಮು ಬರುತ್ತಿತ್ತು. ಮಕ್ಕಳು ಅದನ್ನೂ ಸೇರಿಸಿಯೇ ಬಾಯಿಪಾಠ ಮಾಡಿಕೊಂಡರು. ಡಾಕ್ಟರು ಕೊಟ್ಟ ಸಿರಪ್ಪು ಕುಡಿದರೆ ಬಸ್ಸಿನಲ್ಲಿ ನನಗೆ ನಿದ್ದೆ. ಕೆಮ್ಮಿಗೆ ಮಾತ್ರ ಪೂರ್ತಿ ಎಚ್ಚರ.

ನಮ್ಮ ಶಾಲೆಗೆ ಹೊಸದಾಗಿ ಬಂದಿದ್ದ ಡ್ರಾಯಿಂಗ್ ಮಾಸ್ತರರು ಮೈಸೂರು ಕಡೆಯವರು. ರಜೆಯಲ್ಲಿ ಎಲ್ಲೋ ಚೀನೀ ವೈದ್ಯದ ಶಿಬಿರಕ್ಕೆ ಹೋಗಿ, ಒಂದು ದಪ್ಪ ನೋಟ್‌ಬುಕ್ ತುಂಬ ಬರೆದುಕೊಂಡು ಬಂದಿದ್ದರು. ಸ್ಟಾಫ್ ರೂಮಿನಲ್ಲಿ ನನ್ನ ನಾಲಿಗೆ ಹೊರಚಾಚಿಸಿ ನೋಡಿದರು.

"ಟೀಚರ್, ಶರತ್ಕಾಲ ಅಂದ್ರೆ ಶ್ವಾಸಕೋಶದ ಕಾಲ. ಒಳಗೆಲ್ಲ ಒಣಗಿದೆ ನಿಮಗೆ. ತಂಪು ಬೇಡ, ಖಾರ ಬೇಡ, ಕರಿದದ್ದು ಬೇಡ. ಬಿಳೀ ಪದಾರ್ಥ ತಿನ್ನಿ. ಮುಖ್ಯವಾಗಿ ಪೇರು. ಜೇನುತುಪ್ಪ ಹಾಕಿ ಹಬೆಯಲ್ಲಿ ಬೇಯಿಸಿ ತಿನ್ನಿ, ಒಂದೇ ವಾರ."

ನಾನು ಹಾಜರಿ ಪುಸ್ತಕದ ಹಿಂದೆ 'ಬಿಳಿ, ಪೇರಲ, ಜೇನು, ಹಬೆ' ಎಂದು ಬರೆದುಕೊಂಡೆ. ಪೇರಲ ಬೇಯಿಸುವುದೇ ಎಂದು ಒಂದು ಗಳಿಗೆ ಅನುಮಾನವಾಯಿತು. ಆದರೆ ಚೀನಾದವರು ಏನನ್ನು ತಾನೇ ಬೇಯಿಸುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮನೆಯಲ್ಲಿ ನಾನು ಮತ್ತು ನನ್ನ ಅಮ್ಮ, ಅಂದರೆ ಆಯಿ, ಇಬ್ಬರೇ. ಅಡುಗೆಮನೆ ಪೂರ್ತಿ ಆಯಿಯದು. ನನಗೆ ಐವತ್ತು ದಾಟಿದರೂ ಅವಳ ಬಾಯಲ್ಲಿ ಇನ್ನೂ 'ಕೂಸೇ'.

"ಚೀನಾದವ್ಕೆ ನಮ್ಮ ಕೆಮ್ಮು ಎಂತ ಗೊತ್ತಿದ್ದು ಕೂಸೇ?" ಎಂದು ಆಯಿ ಮೂಗು ಮುರಿದಳು. ಆದರೆ ಮಾಸ್ತರರು ಹೇಳಿದ್ದ ಬಿಳಿ ಪದಾರ್ಥಗಳನ್ನು ಒಂದೊಂದಾಗಿ ಹೇಳುತ್ತ ಹೋದಂತೆ ಅವಳ ಮುಖ ಅರಳಿತು. ಗಂಜಿ, ಮೂಲಂಗಿ, ಬಿಳಿ ಎಳ್ಳು, ಜೇನುತುಪ್ಪ. "ಎಲ್ಲಾ ನಮ್ಮದೇ ಇದ್ದಲೇ!" ಎಂದಳು. ಅಲ್ಲಿಂದ ಮುಂದೆ ಅವಳು ಚೀನಾದವರಿಗಿಂತ ಕಟ್ಟುನಿಟ್ಟಾದಳು. ಅರಿಶಿನದ ಡಬ್ಬಿ ಮೇಲಿನ ಅಟ್ಟ ಸೇರಿತು. ಒಣಮೆಣಸಿನ ಒಗ್ಗರಣೆ ನಿಂತಿತು. ಬೂದುಗುಂಬಳದ ಪಲ್ಯ, ಮೊಸರು ಕಲಸಿದ ಮೂಲಂಗಿಯ ಹಶಿ, ಅನ್ನ: ತಟ್ಟೆಗೆ ಬಡಿಸಿದರೆ ಯಾವುದೆಲ್ಲಿ ಮುಗಿಯಿತೆಂದು ತಿಳಿಯುತ್ತಿರಲಿಲ್ಲ. ಶಾಲೆಯಲ್ಲಿ ಬುತ್ತಿ ಬಿಚ್ಚಿದಾಗ ಹೆಡ್‌ಮೇಡಂ ಇಣುಕಿ ನೋಡಿ, "ಮನೆಯಲ್ಲಿ ಯಾರಿಗೆ ಹುಷಾರಿಲ್ಲ?" ಎಂದು ದನಿ ತಗ್ಗಿಸಿ ಕೇಳಿದರು.

ದುಃಖವೂ ಶ್ವಾಸಕೋಶದಲ್ಲೇ ಕೂತಿರುತ್ತದೆ ಎಂದು ಮಾಸ್ತರರು ಹೇಳಿದ್ದನ್ನು ಒಂದು ಸಂಜೆ ಬಾಯಿ ತಪ್ಪಿ ಹೇಳಿಬಿಟ್ಟೆ. ಆಯಿ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಪಕ್ಕದಲ್ಲಿ ಬಂದು ಕೂತಳು.

"ನಿಂಗೆ ಎಂತ ದುಃಖ ಇದ್ದೇ?"

"ಈ ಊಟದ್ದೇ ಆಯಿ."

ಅವಳು ಎದ್ದು ಹೋಗಿ ಇನ್ನೊಂದು ಸೌಟು ಬೂದುಗುಂಬಳ ತಂದು ಹಾಕಿದಳು.

ಎಲ್ಲಕ್ಕಿಂತ ಕಷ್ಟದ್ದು ಪೇರಲ. ಸಂತೆಯಿಂದ ತಂದ ಪೇರಲವನ್ನು ಆಯಿ ಇಡ್ಲಿ ಪಾತ್ರೆಯಲ್ಲಿಟ್ಟು, ಜೇನು ಸುರಿದು ಬೇಯಿಸುತ್ತಿದ್ದಳು. ಕಾಳುಮೆಣಸಿಲ್ಲದ ಕೆಮ್ಮಿನ ಔಷಧಿಯನ್ನು ಅವಳು ಕಂಡವಳಲ್ಲ. ಚೀನಾದವರು ಮರೆತಿರಬೇಕೆಂದು ಅದನ್ನೂ ಕುಟ್ಟಿ ಹಾಕುತ್ತಿದ್ದಳು. ಬೆಂದ ಪೇರಲ ನೀರಲ್ಲಿ ನೆನೆದ ಸಾಬೂನಿನ ಹಾಗೆ ಜಾರುತ್ತಿತ್ತು, ಬೀಜಗಳು ಮಾತ್ರ ಹಟ ಹಿಡಿದು ಹಲ್ಲಿಗೆ ಸಿಕ್ಕುತ್ತಿದ್ದವು. "ಔಷಧಿ ಹೇಳಿ ತಿನ್ನು, ರುಚಿ ನೋಡಡ" ಎಂದು ಆಯಿ ಎದುರಿಗೇ ಕೂತಿರುತ್ತಿದ್ದಳು. ನಾಲ್ಕನೇ ದಿನಕ್ಕೆ ಹೊಟ್ಟೆ ಪೂರ್ತಿ ಮುಷ್ಕರ ಹೂಡಿತು. ಮಾಸ್ತರರಿಗೆ ಫೋನ್ ಮಾಡಿದರೆ, "ಪೇರು ತಿಂದ್ರೆ ಹೊಟ್ಟೆ ಸಲೀಸಾಗ್ಬೇಕಲ್ಲ ಟೀಚರ್! ಇನ್ನೂ ಒಂದೆರಡು ಜಾಸ್ತಿ ತಿನ್ನಿ" ಎಂದರು. ತಿಂದೆ. ಏನಾಯಿತೆಂದು ಬರೆಯುವುದಿಲ್ಲ.

ಆ ಭಾನುವಾರ ಮಾಸ್ತರರು ಕೆಲಸದ ಮೇಲೆ ಸಿರ್ಸಿಗೆ ಬಂದವರು ನನ್ನ ಆರೋಗ್ಯ ವಿಚಾರಿಸಲು ಮನೆಗೂ ಬಂದರು. ಆಯಿ ಸಂಭ್ರಮದಿಂದ ಬಟ್ಟಲು ತಂದು ಮುಂದಿಟ್ಟಳು.

"ತಗೊಳ್ಳಿ ಮಾಸ್ತರ್ರೇ, ನೀವೇ ಹೇಳಿದ ಔಷಧಿ."

ಅವರು ಒಂದು ಚಮಚ ಬಾಯಿಗಿಟ್ಟರು. ಬಹಳ ಹೊತ್ತು ಅಗಿದರು. ಕಾಳುಮೆಣಸು ನೆತ್ತಿಗೇರಿತೋ ಏನೋ, ಕಣ್ಣಲ್ಲಿ ನೀರು ಬಂತು.

"ಅಮ್ಮ, ಇದು ಸೀಬೆಹಣ್ಣು ಅಲ್ವಾ?"

"ಸೀಬೆ ಹೇಳಿರೆ ಎಂತದು? ಇದು ಪೇರಲ."

ಅವರು ಚಮಚ ಹಿಡಿದಂತೆಯೇ ನನ್ನ ಕಡೆ ತಿರುಗಿದರು. "ಟೀಚರ್, ನಾನು ಹೇಳಿದ್ದು ಪೇರು. ಆಪಲ್ ಥರ ಇರುತ್ತಲ್ಲ, ಮರಸೇಬು!"

ಒಂಬತ್ತನೇ ತರಗತಿಗೆ ಪ್ರಾದೇಶಿಕ ಪದಗಳ ಪಾಠ ಮಾಡುವವಳು ನಾನು. ಪೇರು ಅಂದರೆ ನಮ್ಮ ಕಡೆಯ ಪೇರಲವೇ ಎಂದುಕೊಂಡುಬಿಟ್ಟಿದ್ದೆ. ನಗು ಮೊದಲು ಬಂದದ್ದು ಆಯಿಗೆ. ಸೆರಗು ಬಾಯಿಗೆ ಒತ್ತಿಕೊಂಡು ಅವಳು ನಗುತ್ತಿದ್ದಂತೆ ಮಾಸ್ತರರಿಗೂ ತಡೆಯಲಾಗಲಿಲ್ಲ. ಆಮೇಲೆ ನಾನೂ ನಕ್ಕೆ, ನಕ್ಕು ಕೆಮ್ಮಿದೆ.

ಮಾಸ್ತರರು ಬೈಕಿನಲ್ಲಿ ಪೇಟೆಗೆ ಹೋಗಿ ನಾಲ್ಕು ಮರಸೇಬು ತಂದರು. ಆಯಿ ಯಾರನ್ನೂ ಬಿಡದ ಅಡುಗೆಮನೆಯಲ್ಲಿ ತಾವೇ ನಿಂತು, ಹಣ್ಣಿನ ತಲೆ ಕತ್ತರಿಸಿ, ಬೀಜ ತೆಗೆದು, ಜೇನು ತುಂಬಿ ಬೇಯಿಸಿದರು. ಮೆತ್ತಗೆ, ಘಮ್ಮೆಂದು, ಗಂಟಲಿಗೆ ಎಷ್ಟು ಹಿತವಾಗಿತ್ತೆಂದರೆ ನಾನು ಎರಡು ತಿಂದೆ. ಆಯಿಯೂ ಒಂದನ್ನು ಪೂರ್ತಿ ತಿಂದು ಬಾಯಿ ಒರೆಸಿಕೊಂಡಳು.

"ರುಚಿ ಇದ್ದು. ಆದ್ರೆ ಇಷ್ಟು ರುಚಿ ಇದ್ರೆ ಔಷಧಿ ಹೇಂಗಾಗ್ತು?"

ಕೆಮ್ಮು ಇನ್ನೊಂದು ವಾರಕ್ಕೆ ತಾನಾಗಿ ಹೋಯಿತು. ಪೇರಲವೋ, ಕಾಳುಮೆಣಸೋ, ಮರಸೇಬೋ, ಯಾವುದಕ್ಕೆ ಶ್ರೇಯ ಕೊಡಬೇಕೋ ನನಗೆ ತಿಳಿಯದು. ಮಾಸ್ತರರು ಈಗ ಪ್ರತಿ ಭಾನುವಾರ ಊಟಕ್ಕೆ ಬರುತ್ತಾರೆ, ನೋಟ್‌ಬುಕ್ ತರುತ್ತಾರೆ. ಆಯಿ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಾಳೆ. ಚಳಿಗಾಲ ಮೂತ್ರಪಿಂಡದ ಕಾಲವಂತೆ, ಆಗ ಕಪ್ಪು ಪದಾರ್ಥ ತಿನ್ನಬೇಕಂತೆ. ನಿನ್ನೆ ನಾನು ಶಾಲೆಯಿಂದ ಬರುವಷ್ಟರಲ್ಲಿ ಆಯಿ ಕರಿ ಎಳ್ಳು ತರಿಸಿ, ತೊಳೆದು, ಅಂಗಳದಲ್ಲಿ ಒಣಹಾಕಿದ್ದಳು.