ಬಿಸಿನೀರಿನ ಸುಳ್ಳು

ಸಿಂಧನೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೇಲರಿಂಗ್ ಅಂಗಡಿ. ಹೆಂಗಸರ ಬಟ್ಟೆ ಮಾತ್ರ ಹೊಲಿಯುತ್ತೇನೆ. ಮಷಿನ್ನಿನ ಹಿಂದೆ ಒಂದು ಬಾಗಿಲು, ಬಾಗಿಲ ಆಚೆ ಅಡುಗೆಮನೆ. ಆಪರೇಷನ್ ಆಗಿ ಎರಡನೇ ವರ್ಷ ನಡೆದಾಗ ಆ ಬಾಗಿಲನ್ನು ದಿನಕ್ಕೆ ಎಷ್ಟು ಸಲ ದಾಟುತ್ತಿದ್ದೆನೋ ನನಗೇ ಲೆಕ್ಕವಿಲ್ಲ. ಒಂದು ತೋಳು ಹೊಲಿದೆ, ಎದ್ದೆ. ಬಾಬಿನ್ ದಾರ ಮುಗಿಯಿತು, ಎದ್ದೆ. ಕರೆಂಟು ಹೋದರೆ ನೇರವಾಗಿ ತಿಂಡಿ ಡಬ್ಬಿಯ ಕಡೆಗೇ ಕಾಲು. ಒಂದು ಹಿಡಿ ಒಗ್ಗರಣೆ ಮಂಡಾಳು, ಅಂದರೆ ಮಂಡಕ್ಕಿ, ನಾಲ್ಕು ಕಾಳು ಖಾರಾ ಬೂಂದಿ, ಚಹಾದಲ್ಲಿ ಅದ್ದಿದ ಎರಡು ಬಿಸ್ಕತ್ತು. ಹಸಿವೆಯಾಗಿ ತಿನ್ನುತ್ತಿದ್ದೆ ಅಂತಲ್ಲ. ಕೂತಲ್ಲಿ ಕೂರಲು ಆಗುತ್ತಿರಲಿಲ್ಲ, ಅಷ್ಟೇ.

ಆಪರೇಷನ್ ಅಂದರೆ ಹೊಟ್ಟೆ ಸಣ್ಣ ಮಾಡುವ ಆಪರೇಷನ್. ನಲವತ್ತಕ್ಕೆ ನನ್ನ ತೂಕ ನೂರಾ ಹದಿನೆಂಟು ಕೆಜಿ. ಮೊಣಕಾಲು ಹೋಗಿದ್ದವು, ಶುಗರ್ ಬಂದಿತ್ತು, ಮಷಿನ್ನಿನ ಮುಂದೆ ಕುಂತರೆ ಹೊಟ್ಟೆ ಚಕ್ರಕ್ಕೆ ತಾಗುತ್ತಿತ್ತು. ಮೋಟಾರ್ ವೈಂಡಿಂಗ್ ಕೆಲಸ ಮಾಡುವ ನನ್ನ ಗಂಡ ಯಾರನ್ನೋ ವಿಚಾರಿಸಿಕೊಂಡು ಬಂದು ಹೈದರಾಬಾದಿನ ಒಂದು ದವಾಖಾನೆಗೆ ಕರೆದುಕೊಂಡು ಹೋದ. ನಿಜ ಗೊತ್ತಿದ್ದದ್ದು ಅವನಿಗೆ ಮತ್ತು ಮಸ್ಕಿಯಲ್ಲಿರುವ ನನ್ನ ಆಪಾಗೆ, ಅಂದರೆ ಅಕ್ಕನಿಗೆ. ಉಳಿದವರಿಗೆ ಪಿತ್ತಕೋಶದ ಹರಳು ತೆಗೆಸಿದೆ ಅಂತ ಹೇಳಿದೆ. ನಿಜ ಹೇಳಿದರೆ ಜನ ಏನನ್ನುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು: ಬಾಯಿ ಕಟ್ಟಾಕ ಆಗಲಿಲ್ಲ, ಹೊಟ್ಟಿ ಕೊಯ್ಸಿಕೊಂಡ್ಲು.

ಒಂದು ವರ್ಷದಲ್ಲಿ ನಲವತ್ತು ಕೆಜಿ ಇಳಿದೆ. ಬ್ಲೌಸು ಹೊಲಿಸಲು ಬಂದವರೆಲ್ಲ ನನ್ನನ್ನೇ ನೋಡುವವರು. "ಹೆಂಗ ಇಳದ್ರಿ, ನಮಗೂ ಹೇಳ್ರಿ" ಅಂತ ಮೊದಲು ಕೇಳಿದವಳಿಗೆ ಬಾಯಿಗೆ ಬಂದದ್ದು ಹೇಳಿದೆ. ಬೆಳಿಗ್ಗೆ ಬಿಸಿನೀರಿಗೆ ಲಿಂಬೆಹಣ್ಣು, ರಾತ್ರಿ ಊಟ ಬಿಡೋದು, ಕಾಲುವೆ ತನಕ ವಾಕಿಂಗ್. ಎರಡನೆಯವಳಿಗೂ ಅದನ್ನೇ ಹೇಳಿದೆ. ಆಮೇಲೆ ಅದು ನನ್ನ ಬಾಯಲ್ಲಿ ಎಷ್ಟು ಸಲೀಸಾಯಿತೆಂದರೆ, ಹೇಳುವಾಗ ನನಗೂ ನಿಜವೆನ್ನಿಸುತ್ತಿತ್ತು.

ಹಳಿ ತಪ್ಪಿದ್ದು ರಂಜಾನಿನಲ್ಲಿ. ಮೊದಲನೇ ವರ್ಷ ಡಾಕ್ಟರು ರೋಜಾ ಉಪವಾಸ ಬೇಡ ಅಂದಿದ್ದರು, ಹಿಡಿಯಲಿಲ್ಲ. ಎರಡನೇ ವರ್ಷ ಯಾರನ್ನೂ ಕೇಳದೆ ಹಿಡಿದೆ. ದಿನವಿಡೀ ಖಾಲಿ, ಸಂಜೆ ಖರ್ಜೂರದಿಂದ ಶುರು. ಒಂದೇ ಸಲಕ್ಕೆ ತಿನ್ನಲು ಹೊಟ್ಟೆಯಲ್ಲಿ ಜಾಗವಿಲ್ಲ. ಹಾಗಾಗಿ ಅರ್ಧ ಸಮೋಸ, ಸ್ವಲ್ಪ ಹೊತ್ತು ಬಿಟ್ಟು ಉಳಿದರ್ಧ, ಆಮೇಲೆ ಶರಬತ್ತು, ಆಮೇಲೆ ಇನ್ನೇನೋ. ಮಲಗುವ ತನಕ ಚೂರು ಚೂರು. ಈದ್ ಮುಗಿಯಿತು, ಚೂರು ಚೂರು ತಿನ್ನುವುದು ಮುಗಿಯಲಿಲ್ಲ. ಸಂಜೆಯಿಂದ ಮಧ್ಯಾಹ್ನಕ್ಕೆ ಬಂತು, ಮಧ್ಯಾಹ್ನದಿಂದ ಬೆಳಿಗ್ಗೆಗೆ. ರೊಟ್ಟಿ, ಕಾಳುಪಲ್ಯ ಗಂಟಲಲ್ಲಿ ನಿಲ್ಲುತ್ತಿದ್ದವು. ಮಂಡಾಳು, ಬಿಸ್ಕತ್ತು ಜಾರಿ ಹೋಗುತ್ತಿದ್ದವು. ಗಂಡನ ಮುಂದೆ ತಾಟಿನಲ್ಲಿ ಕಾಲು ರೊಟ್ಟಿ ಮುರಿದು ಎದ್ದುಬಿಡುತ್ತಿದ್ದೆ. "ಏನೂ ತಿನ್ನೂದೇ ಇಲ್ಲ ನೀನು" ಅನ್ನುತ್ತಿದ್ದ.

ಬೇರೆ ಹೆಂಗಸರಿಗೆ ಬ್ಲೌಸು ಬಿಗಿಯಾದರೆ ಟೇಲರ್ ಹತ್ತಿರ ಬರಲೇಬೇಕು, ಆಗ ಒಬ್ಬರಿಗಾದರೂ ಗೊತ್ತಾಗುತ್ತದೆ. ನನಗೆ ಆ ಕಷ್ಟವಿರಲಿಲ್ಲ. ಪಕ್ಕದ ಹೊಲಿಗೆ ಬಿಚ್ಚುವುದು, ಅರ್ಧ ಇಂಚು ಬಿಡುವುದು, ಮತ್ತೆ ಹೊಲಿಯುವುದು. ಆ ವರ್ಷ ನನ್ನ ಬ್ಲೌಸುಗಳನ್ನು ಮೂರು ಸಲ ಬಿಚ್ಚಿದೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಗೊರೇಬಾಳದಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಭತ್ತದ ಗದ್ದೆಯಿರುವ ಮನೆತನ, ಹಣೆತುಂಬಾ ವಿಭೂತಿ, ಮಾತು ಜೋರು. ಮಗಳು ಬಿ.ಎಡ್. ಮುಗಿಸಿದ್ದಳು, ಎರಡು ತಿಂಗಳಿಗೆ ಮದುವೆ. ಹುಡುಗಿ ದಪ್ಪಗಿದ್ದಳು. ಆದರೆ ನಾನು ಆ ವಯಸ್ಸಿನಲ್ಲಿ ಇದ್ದಷ್ಟೇನೂ ಅಲ್ಲ. ಏಳು ಬ್ಲೌಸಿನ ಬಟ್ಟೆ ತಂದಿದ್ದರು. ಅಳತೆ ತೆಗೆಯುವಾಗ ತಾಯಿ ಅಂದಳು:

"ಎಲ್ಲಾದಕ್ಕೂ ಎರಡಿಂಚು ಕಡಿಮಿ ಹಿಡೀರಿ. ಅಷ್ಟೊತ್ತಿಗೆ ಇಳೀತಾಳ. ನೀವು ಹೆಂಗ ಇಳದ್ರಿ, ಅದನ್ನ ಇಕಿಗೂ ಹೇಳ್ರಿ."

ನಾನು ಹೇಳಿದೆ. ಅದೇ ಬಿಸಿನೀರು, ಅದೇ ಲಿಂಬೆಹಣ್ಣು.

ತಾಯಿ ಮ್ಯಾಚಿಂಗ್ ಲೈನಿಂಗ್ ತರಲು ಆಚೆ ಹೋದಾಗ ಹುಡುಗಿ ಮೆಲ್ಲಗೆ ಕೇಳಿದಳು: "ಮೊದಮೊದಲು ತಲಿ ತಿರುಗತಿತ್ತೇನ್ರಿ ನಿಮಗ?"

"ಸ್ವಲ್ಪ ತಿರುಗತೈತಿ. ತಡಕೋಬೇಕು" ಅಂದೆ.

ಆ ಮಾತು ಯಾಕೆ ಅಂದೆನೋ. ಆಡಿದ ಎಲ್ಲ ಸುಳ್ಳುಗಳಿಗಿಂತ ಈಗಲೂ ನನ್ನನ್ನು ಚುಚ್ಚುವುದು ಆ ಮೂರು ಪದ.

ಮೂರು ವಾರದ ನಂತರ ಟ್ರಯಲ್‌ಗೆ ಹುಡುಗಿ ಒಬ್ಬಳೇ ಆಟೋದಲ್ಲಿ ಬಂದಳು. ಮಧ್ಯಾಹ್ನ, ಸುಡುಬಿಸಿಲು. ಬ್ಲೌಸು ಹಿಡಿದುಕೊಂಡು ಮೂಲೆಯ ಪರದೆಯ ಹಿಂದೆ ಹೋದಳು. ನಾನು ಬಾಯಲ್ಲಿದ್ದ ಬೂಂದಿ ಬೇಗ ಬೇಗ ಅಗಿಯುತ್ತಾ ಹುಕ್ಕು ಹಚ್ಚುತ್ತಿದ್ದೆ. ಏನೋ ಬಿದ್ದ ಸಪ್ಪಳವಾಯಿತು. ಪರದೆ ಸರಿಸಿದರೆ ಹುಡುಗಿ ಗೋಡೆಗೆ ಒರಗಿಕೊಂಡು ನೆಲದ ಮೇಲೆ ಕುಸಿದಿದ್ದಳು. ಮುಖ ಬೆವರಿ ಬೆಳ್ಳಗಾಗಿತ್ತು. ಕೈ ಮುಟ್ಟಿದರೆ ತಣ್ಣಗೆ. ಫ್ಯಾನು ಅವಳ ಕಡೆ ತಿರುಗಿಸಿ, ಓಡಿಹೋಗಿ ನೀರಿಗೆ ಸಕ್ಕರೆ, ಉಪ್ಪು ಹಾಕಿ ತಂದೆ. ಗುಟುಕು ಗುಟುಕಾಗಿ ಕುಡಿಸಿದೆ. ಹತ್ತು ನಿಮಿಷಕ್ಕೆ ಬಣ್ಣ ತಿರುಗಿತು.

"ಇವತ್ತೇನು ತಿಂದಿ?"

"ಬಿಸಿನೀರ್ರಿ."

"ನಿನ್ನೆ?"

"ಎರಡು ಸೌತಿಕಾಯಿ." ಲೋಟ ಕೆಳಗಿಟ್ಟು ಅಂದಳು, "ನೀವು ಅದನ್ನೇ ಮಾಡಿದ್ದೆ ಅಂದ್ರೆಲ್ರಿ. ತಡಕೋ ಅಂದ್ರೆಲ್ರಿ. ಅವ್ವಗ ಹೇಳಬ್ಯಾಡ್ರಿ, ಬೈತಾಳ."

ಎದ್ದು ಬೀದಿ ಬಾಗಿಲು ಮುಚ್ಚಿ ಬಂದೆ. ಅವಳ ಮುಂದೆ ಕುಳಿತು ಹೊಟ್ಟೆಯ ಮೇಲಿನ ಸೀರೆ ಸರಿಸಿ ತೋರಿಸಿದೆ. ಐದು ಸಣ್ಣ ಗೆರೆಗಳು, ಒಂದು ಮಾತ್ರ ಸ್ವಲ್ಪ ಉದ್ದ.

"ನೋಡು. ಬಿಸಿನೀರಿಗೆ ಇಳದದ್ದಲ್ಲ ಇದು. ಆಪರೇಷನ್. ಒಳಗ ಮುಕ್ಕಾಲು ಹೊಟ್ಟಿ ತೆಗದಾರ."

ಹುಡುಗಿ ಆ ಗೆರೆಗಳನ್ನೇ ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಸಿಟ್ಟು ಬಂದಿತ್ತು ಅವಳಿಗೆ.

"ಮತ್ತ ನನಗ್ಯಾಕ ಸುಳ್ಳ ಹೇಳಿದ್ರಿ?"

ನಾನು ಸೆರಗು ಎಳೆದು ಗೆರೆಗಳನ್ನು ಮುಚ್ಚಿಕೊಂಡೆ.

"ಮತ್ತ ನೀವು ದಪ್ಪ ಆಗಾಕತ್ತೀರಿ. ಹೋದ ಸಲ ಬಂದಾಗ ನೋಡೀನಿ, ಇವತ್ತೂ ನೋಡಾಕತ್ತೀನಿ. ನಿಮ್ಮ ಬಾಯಿ ಸುಮ್ನಿರೂದಿಲ್ಲ."

ಇಡೀ ಊರಲ್ಲಿ ಯಾರೂ ಆಡದ ಮಾತನ್ನು ಇಪ್ಪತ್ತಮೂರು ವರ್ಷದ ಹುಡುಗಿ ನನ್ನ ನೆಲದ ಮೇಲೆ ಕುಳಿತು ಆಡಿದಳು. ಅಡುಗೆಮನೆಗೆ ಹೋಗಿ ಅನ್ನ, ಬೇಳೆ ಕಲಸಿ ತಂದುಕೊಟ್ಟೆ. ಉಂಡಳು. ಹೋಗುವಾಗ ಬಾಗಿಲಲ್ಲಿ ನಿಂತು, "ಅವ್ವಗ ನೀವೇ ಹೇಳ್ರಿ. ನಾ ಹೇಳಿದ್ರ ನಂಬೂದಿಲ್ಲ" ಅಂದಳು.

ಮರುದಿನ ಫೋನ್ ಮಾಡಿ ತಾಯಿಯನ್ನು ಕರೆಸಿ ಎಲ್ಲ ಹೇಳಿದೆ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿ ಹೆಂಗಸರಿದ್ದರು. ಅವರು ಹೋಗಲಿ ಅಂತ ಕಾಯಲಿಲ್ಲ. ಕಾದಿದ್ದರೆ ನಾನು ಹೇಳುತ್ತಿರಲಿಲ್ಲ.

"ಹೊಟ್ಟಿ ಕೊಯ್ಸಿಕೊಂಡು ಊರಿಗೆಲ್ಲಾ ಬಿಸಿನೀರ ಕುಡಿಸಿದೆಲ್ಲಬೇ!" ಅಂದಳು ತಾಯಿ. "ನನ್ನ ಮಗಳಿಗೆ ಏನರ ಆಗಿದ್ರ?" ಬಟ್ಟೆಯ ಚೀಲ ಎತ್ತಿಕೊಂಡು ಹೊರಟೇಬಿಟ್ಟಳು.

ವಾರದೊಳಗೆ ಅರ್ಧ ಸಿಂಧನೂರಿಗೆ ಗೊತ್ತಾಯಿತು. ಕೆಲವರು ಬರುವುದು ಬಿಟ್ಟರು. ಕೆಲವರು ಬ್ಲೌಸಿನ ನೆವ ಮಾಡಿಕೊಂಡು ನೋಡಲೆಂದೇ ಬಂದರು. ಆ ದಿನಗಳಲ್ಲಿ ನಾನು ತಿಂದಷ್ಟು ಯಾವಾಗಲೂ ತಿಂದಿಲ್ಲ. ಹೊಲಿಗೆ ಸೊಟ್ಟಗಾಗುತ್ತಿತ್ತು, ಬಿಚ್ಚುತ್ತಿದ್ದೆ, ಎದ್ದು ಡಬ್ಬಿಗೆ ಕೈ ಹಾಕುತ್ತಿದ್ದೆ. ಒಂದು ಸಂಜೆ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

"ಡಬ್ಬಿ ಖಾಲಿ ಆಗೂದು ನಾ ನೋಡೀನಿ" ಅಂದ. "ಆರು ತಿಂಗಳಾತು. ನೀನ ಹೇಳ್ತಿ ಅಂತ ಸುಮ್ನಿದ್ದೆ."

"ಕೇಳಬಾರದಿತ್ತಾ?"

"ಕೇಳಿದ್ರ ನನಗೂ ಸುಳ್ಳ ಹೇಳತಿದ್ದಿ."

ಆಪರೇಷನ್ ಮಾಡಿದ ದವಾಖಾನೆಯವರು ತಿಂಗಳಿಗೊಮ್ಮೆ ಲಿಂಗಸುಗೂರಿಗೆ ಬಂದು ಒಂದು ಲ್ಯಾಬಿನ ಮೇಲಿನ ಕೋಣೆಯಲ್ಲಿ ಹಳೆಯ ಪೇಶಂಟುಗಳನ್ನು ನೋಡುತ್ತಿದ್ದರು. ನಾನು ವರ್ಷದಿಂದ ಹೋಗಿರಲಿಲ್ಲ. ಅವರು ಫೋನ್ ಮಾಡಿದರೂ ಎತ್ತಿರಲಿಲ್ಲ. ಆ ಸಲ ಹೊರಟೆ. ಗಂಡ ಬರುತ್ತೇನೆಂದ, ಬೇಡವೆಂದೆ.

ಬಸ್ಸು ಮಸ್ಕಿಯಲ್ಲಿ ಬಹಳ ಹೊತ್ತು ನಿಂತಿತು. ಕಿಟಕಿಗೆ ಮಿರ್ಚಿ ಕರಿಯುವ ವಾಸನೆ. ಆಪಾಳ ಮನೆ ಅಲ್ಲಿಂದ ಐದು ನಿಮಿಷದ ದಾರಿ. ಇಳಿದುಬಿಡಲಾ, ಅಲ್ಲೇ ಕುಳಿತು ಸಂಜೆ ವಾಪಸಾಗಲಾ, ಮುಂದಿನ ತಿಂಗಳು ನೋಡಿದರಾಯಿತು ಅಂತ ಎದ್ದು ನಿಂತೇಬಿಟ್ಟೆ. ಹಿಂದಿನಿಂದ ಬಂದ ಮುದುಕಿಯೊಬ್ಬಳು ನಾನು ಇಳಿಯುತ್ತೇನೆಂದು ತಿಳಿದು ನನ್ನ ಸೀಟಿನಲ್ಲಿ ಗಂಟು ಇಟ್ಟು ಕುಳಿತಳು. ಅಷ್ಟರಲ್ಲಿ ಬಸ್ಸು ಹೊರಟಿತು. ಲಿಂಗಸುಗೂರಿನ ತನಕ ಕಂಬಿ ಹಿಡಿದು ನಿಂತೇ ಹೋದೆ.

ಊಟದ ಸಲಹೆ ಕೊಡುವವಳು ಚಿಕ್ಕ ವಯಸ್ಸಿನ ಡಯಟಿಶಿಯನ್. ತೂಕ ನೋಡಿದಳು, ಹನ್ನೊಂದು ಕೆಜಿ ಏರಿತ್ತು. ಬೈಯುತ್ತಾಳೆಂದು ಕಾದೆ.

"ನನ್ನ ಹೊಟ್ಟಿ ಮತ್ತ ದೊಡ್ಡದಾಗೇದೇನ್ರಿ?" ಅಂತ ನಾನೇ ಕೇಳಿದೆ.

"ಊಟಕ್ಕೆ ಕುಂತ್ರೆ ಎಷ್ಟು ಹಿಡಿಸ್ತದೆ?"

"ಅರ್ಧ ರೊಟ್ಟಿಗೇ ತುಂಬತೈತಿ."

"ಹಾಗಾದ್ರೆ ಹೊಟ್ಟೆ ತನ್ನ ಕೆಲಸ ಮಾಡ್ತಿದೆ. ಊಟಕ್ಕೆ ಕೂತಾಗ ಅಲ್ಲ, ಕೂರದೇ ಇದ್ದಾಗ ಏರಿದೆ ಈ ತೂಕ. ನಿನ್ನೆ ನಿಂತುಕೊಂಡು ಏನೇನು ತಿಂದ್ರಿ, ಹೇಳ್ರಿ."

ಹೇಳತೊಡಗಿದೆ. ಹೇಳುತ್ತಾ ಹೋದಂತೆ ನನಗೇ ನಾಚಿಕೆಯಾಗಿ ನಡುವೆ ನಿಲ್ಲಿಸಿದೆ. ಅವಳು ಕಾದಳು. ಮತ್ತೆ ಹೇಳಿದೆ. ರಕ್ತ ಪರೀಕ್ಷೆಗೆ ಕಳಿಸಿದಳು. ನಾನು ನಿಲ್ಲಿಸಿದ್ದ ವಿಟಮಿನ್ ಗುಳಿಗೆ ಮತ್ತೆ ಶುರು ಮಾಡಿಸಿದಳು. ಉಪವಾಸ ಬೇಡ, ಬರೀ ನೀರು ಬೇಡ, ಹೊಸದೇನೂ ಬೇಡ, ಆಪರೇಷನ್ ಆದಾಗ ಕಲಿತದ್ದನ್ನೇ ಮತ್ತೆ ಮಾಡಿ ಅಂದಳು. ಕುಳಿತು ಉಣ್ಣುವುದು. ಮೊದಲು ತತ್ತಿ, ಕಾಳು, ಮೊಸರು, ಮಾಂಸ; ರೊಟ್ಟಿ ಕೊನೆಗೆ. ಉಣ್ಣುವಾಗ ನೀರಿಲ್ಲ, ಅರ್ಧ ಗಂಟೆಯ ಮೇಲೆ. ಮುಂದಿನ ರೋಜಾ ಹಿಡಿಯುವ ಮೊದಲು ಡಾಕ್ಟರನ್ನು ಕೇಳುವುದು.

ಕೇಳಲು ಸುಲಭವಾಗಿತ್ತು. ಮೊದಲನೇ ವಾರ ಹುಚ್ಚು ಹಿಡಿದಂತಾಯಿತು. ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಿ ಹೊಲಿಯುತ್ತಿದ್ದೆ. ಎದ್ದು ಚಿಲಕದ ತನಕ ಹೋಗಿ ವಾಪಸು ಬರುತ್ತಿದ್ದೆ. ಬೀದಿಗೆ ಹೋಗಿ ನಿಲ್ಲುತ್ತಿದ್ದೆ. ಗುಂಡಿಗೆ ಕಾಜಾ ಮಾಡುವುದು, ಹುಕ್ಕು ಹಚ್ಚುವುದು, ಕೈಯಿಂದ ಮಾಡುವ ಕೆಲಸವನ್ನೆಲ್ಲ ಆ ಹೊತ್ತುಗಳಿಗೆ ಇಟ್ಟುಕೊಂಡೆ. ಉಣ್ಣಲು ಕುಳಿತರೆ ಇಪ್ಪತ್ತು ನಿಮಿಷ ಇಡೀ ದಿನದಂತೆ. ಕಾಲು ತಾನೇ ಪೆಡಲ್ ತುಳಿದಂತೆ ಕುಣಿಯುತ್ತಿತ್ತು. ಎದುರಿಗೆ ಕುಳಿತ ಗಂಡ ನಿಧಾನವಾಗಿ ಉಣ್ಣುತ್ತಿದ್ದ. ಮಧ್ಯಾಹ್ನ ತನ್ನ ವೈಂಡಿಂಗ್ ಅಂಗಡಿ ಮುಚ್ಚಿ ಊಟಕ್ಕೆ ಮನೆಗೆ ಬರುವುದನ್ನು ಅವನು ಕಲಿತದ್ದು ಆಗ. ಮೂರನೇ ವಾರ ಒಂದು ದಿನ ಸೋತು ಅರ್ಧ ಪ್ಯಾಕೆಟ್ ಬಿಸ್ಕತ್ತು ತಿಂದೆ. ಸಂಜೆ ಅವನಿಗೆ ಹೇಳಿದೆ. "ಆತು ಬಿಡು, ಈಗ ಉಣ್ಣೂಣು ಬಾ" ಅಂದ.

ಆ ನಡುವೆ ಗೊರೇಬಾಳದ ಹುಡುಗಿ ಸ್ಕೂಟಿಯಲ್ಲಿ ಬಂದು ಬಟ್ಟೆಯ ಚೀಲ ಮೇಜಿನ ಮೇಲಿಟ್ಟಳು.

"ಹೊಸದಾಗಿ ಅಳತಿ ತಗೋರಿ. ಇದ್ದಷ್ಟ ಹಿಡೀರಿ, ಕಡಿಮಿ ಬ್ಯಾಡ."

"ನಿಮ್ಮವ್ವ?"

"ಆಕಿಗೆ ನಾ ಹೇಳೀನಿ. ನೀವು ಹೊಲದ್ರ ಹಾಕೋತೀನಿ, ಇಲ್ಲಂದ್ರ ಹಳೇ ಬ್ಲೌಸಿನ್ಯಾಗ ಮದುವಿ ಆಗ್ತೀನಿ ಅಂದೀನಿ." ನಕ್ಕಳು. ಮುಖದಲ್ಲಿ ರಕ್ತ ಬಂದಿತ್ತು. ಹೊಲಿದಿದ್ದವನ್ನು ಬಿಚ್ಚಿ, ಒಳಗೆ ಮಡಚಿ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಹೊರಗೆ ಬಿಟ್ಟು ಏಳನ್ನೂ ಅವಳ ಮೈಗೆ ಸರಿಯಾಗಿ ಹೊಲಿದುಕೊಟ್ಟೆ.

ಮದುವೆಗೆ ಹೋಗಲೋ ಬೇಡವೋ ಅಂತ ಸೀರೆ ಉಟ್ಟು, ಬಿಚ್ಚಿ, ಮತ್ತೆ ಉಟ್ಟು ಹೋದೆ. ಪಂಕ್ತಿಯ ಕೊನೆಯಲ್ಲಿ ಕುಳಿತೆ. ಬಡಿಸುತ್ತಾ ಬಂದವಳು ಆ ತಾಯಿಯೇ. ಕೈಯಲ್ಲಿ ಹೋಳಿಗೆಯ ತಾಟು. ನನ್ನ ಮುಂದೆ ನಿಂತಳು.

"ನಿಮಗೇನು ನಡೀತೈತಿ? ಹೇಳ್ರಿ" ಅಂದಳು. ದನಿ ಗಡುಸಾಗಿಯೇ ಇತ್ತು.

"ಕಾಳುಪಲ್ಯ, ಮೊಸರು. ಹೋಳಿಗಿ ಬ್ಯಾಡ್ರಿ."

ಒಳಗೆ ಹೋಗಿ ಮಡಕೆಕಾಳಿನ ಪಲ್ಯ ತಂದು ಎಲೆಗೆ ಎರಡು ಸಲ ಹಾಕಿದಳು. ಆಮೇಲೆ, "ಮದುವಿ ಮನ್ಯಾಗ ಸಿಹಿ ಇಲ್ಲದ ಏಳಬಾರದು" ಅಂತ ಅರ್ಧ ಹೋಳಿಗೆ ಮುರಿದು ಇಟ್ಟೇಬಿಟ್ಟಳು. ಪಲ್ಯ ನಿಧಾನವಾಗಿ ತಿಂದೆ. ಹೋಳಿಗೆಯಲ್ಲಿ ಒಂದು ತುಣುಕು ತಿಂದೆ, ಇನ್ನೊಂದು ತಿಂದೆ, ಅರ್ಧವೂ ಮುಗಿಯಿತು. ಸಣ್ಣ ಮಾಡಿದ ಹೊಟ್ಟೆಗೆ ಒಮ್ಮೆಲೇ ಅಷ್ಟು ಸಿಹಿ ತಡೆಯುವುದಿಲ್ಲ; ಸ್ವಲ್ಪ ಹೊತ್ತಿಗೆ ಎದೆ ಡವಡವ, ಕೈ ನಡುಕ. ಮಂಟಪದ ಹಿಂದೆ ಗದ್ದೆಯ ಬದುವಿನ ಮೇಲೆ ಅದು ಇಳಿಯುವ ತನಕ ಅತ್ತಿಂದಿತ್ತ ತಿರುಗಾಡಿದೆ. ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು. ಆದರೂ ಓಡಿಹೋಗಬೇಕು ಅನ್ನಿಸಲಿಲ್ಲ. ವಾಪಸು ಹೋಗಿ ಹುಡುಗಿಗೆ ಹರಸಿ ಅಕ್ಕಿಕಾಳು ಹಾಕಿ ಆಟೋ ಹತ್ತಿದೆ.

ಏರಿದ ಹನ್ನೊಂದರಲ್ಲಿ ಈ ತನಕ ಐದು ಇಳಿದಿದೆ. ಒಂದು ತಿಂಗಳು ಇಳಿಯುತ್ತದೆ, ಒಂದು ತಿಂಗಳು ಅಲುಗುವುದಿಲ್ಲ. ಮಷಿನ್ನಿನ ಮುಂದೆ ಈಗಲೂ ಅರ್ಧ ಗಂಟೆಗೊಮ್ಮೆ ಏಳುತ್ತೇನೆ. ನೆನಪಿನಲ್ಲಿ ಉಳಿದದ್ದು ಮಾತ್ರ ಆ ಮದುವೆಯ ಮರುದಿನ ಬೆಳಿಗ್ಗೆ: ನಾನು ಹಾಸಿಗೆಯಿಂದ ಏಳುವ ಮೊದಲೇ ಗಂಡ ಎರಡು ತತ್ತಿ ಕುದಿಯಲು ಇಟ್ಟಿದ್ದ. ಒಂದು ಅವನಿಗೆ, ಒಂದು ನನಗೆ. ಸಿಪ್ಪೆ ಸುಲಿಯುತ್ತಾ ಕುಳಿತೆವು.