ಜಾರಿದ ತೋಳಬಂದಿ

ನಮ್ಮ ಮನೆತನದ ಸಿಟ್ಟೆಲ್ಲ ಕೈಯಲ್ಲಿದೆ. ಬಾಯಿ ತೆರೆಯುವ ಮೊದಲೇ ಕೈ ಎದ್ದಿರುತ್ತದೆ. ಅಣ್ಣನದಂತೂ ಕೇಳಲೇಬೇಡಿ. ನಾನೂ ಏನು ಕಡಿಮೆಯಿಲ್ಲ, ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಅವ್ವನ ಹಾರ್ಟು ವೀಕಾಗಿದೆ, ಮೈಯಲ್ಲಿ ನೀರು ನಿಲ್ಲುತ್ತಿದೆ, ಗುಳಿಗೆ ತಪ್ಪಿಸಬೇಡಿ, ಉಪ್ಪು ಕಡಿಮೆ ಮಾಡಿ ಎಂದು ರಾಯಚೂರಿನ ಡಾಕ್ಟರು ಹೇಳಿದ್ದರು. ಅಣ್ಣ ಕೈಕಟ್ಟಿ ಕೇಳಿಸಿಕೊಂಡ. ನಮ್ಮೂರು ಮಸರಕಲ್ಲಿಗೆ ಮರಳಿದವನೇ ಉಪ್ಪಿನಕಾಯಿ ಭರಣಿಯನ್ನು ಅಂಗಳದ ಕಲ್ಲಿಗೆ ಅಪ್ಪಳಿಸಿದ. ಮರುದಿನ ಅವನ ಹೆಂಡತಿ, ನಮ್ಮ ವೈನಿ, ಅವ್ವನ ತಟ್ಟೆಗೆ ಒಂದು ಚಿಟಿಕೆ ಉಪ್ಪು-ಖಾರದ ಶೇಂಗಾ ಹಿಂಡಿ ಹಾಕಿದ್ದಕ್ಕೆ ಆಕೆಯ ತುಟಿ ಒಡೆಯುವಂತೆ ಬಾರಿಸಿದ. "ನಮ್ಮವ್ವನ್ನ ಕೊಲ್ಲಾಕ ನಿಂತಿಯೇನು?" ಅಂದನಂತೆ. ಬೇಳೆಯಲ್ಲಿ ಉಪ್ಪು, ಪಲ್ಯದಲ್ಲಿ ಉಪ್ಪು, ಎಲ್ಲದರಲ್ಲೂ ಅವನಿಗೆ ಉಪ್ಪೇ ಕಂಡಿತು. ಕೊನೆಗೆ ಅವ್ವನ ಪಾಲಿಗೆ ಉಳಿದದ್ದು ಸಪ್ಪೆ ನುಚ್ಚಿನ ಗಂಜಿ. ಎಲ್ಲ ಅವ್ವನ ಮೇಲಿನ ಪ್ರೀತಿಯಿಂದಲೇ ಮಾಡಿದ. ಅದು ಗೊತ್ತಿದ್ದೂ ನನ್ನ ಸಿಟ್ಟು ಇನ್ನೂ ಆರಿಲ್ಲ.

ನನ್ನನ್ನು ಕೊಟ್ಟ ಊರು ಪೋತ್ನಾಳದಿಂದ ನಾನು ನೋಡಲು ಹೋದಾಗ ಅವ್ವ ಕಟ್ಟೆಯ ಮೇಲೆ ಕೂತಿದ್ದಳು. "ನೋಡು, ಅವ್ವ ಹೆಂಗ ಮೈ ತುಂಬ್ಯಾಳ. ಗಂಜ್ಯಾಗೂ ಕಸುವು ಅದ," ಅಂದ ಅಣ್ಣ. ಕಾಲ್ಗಡಗ ಕಾಲಿನೊಳಗೆ ಕಚ್ಚಿಕೊಂಡಿದ್ದರಿಂದ ದೇವದುರ್ಗದ ಅಕ್ಕಸಾಲಿ ಪತ್ತಾರರ ಹತ್ತಿರ ಅದನ್ನು ಕತ್ತರಿಸಿ ತೆಗೆಸಿದ್ದ. ಕಾಲು ಕಂಬದಂತಿದ್ದವು. ನಾನೂ ಹೌದೇನೋ ಅಂದುಕೊಂಡೆ.

ಜಳಕಕ್ಕೆ ಕೂರಿಸಿ ಕುಪ್ಪಸ ಬಿಚ್ಚಿದೆ. ಮದುವೆಯಲ್ಲಿ ಹಾಕಿದ ಬೆಳ್ಳಿಯ ತೋಳಬಂದಿ, ಸಾಬೂನು ಹಚ್ಚಿದರೂ ಹೊರಬಾರದಿದ್ದದ್ದು, ತೋಳಿನಿಂದ ಮುಂಗೈಗೆ ಜಾರಿ, ಅಲ್ಲಿಂದ ಬಚ್ಚಲ ಕಲ್ಲಿಗೆ ಬಿತ್ತು. ಸೊಂಟದಿಂದ ಕೆಳಗೆ ನೀರು, ಮೇಲೆ ಬರೀ ಮೂಳೆ. ಅವ್ವನೇ ಅದನ್ನು ಎತ್ತಿಕೊಂಡು ಒರೆಸಿ ಮತ್ತೆ ತೋಳಿಗೇರಿಸಿಕೊಂಡಳು.

ಮಧ್ಯಾಹ್ನ ಅಣ್ಣ ಗಂಜಿ ತಂದ. "ಒಲ್ಲೆ ಯಪ್ಪಾ, ಗಂಟಲದಾಗ ಇಳಿಯಂಗಿಲ್ಲ," ಅಂದಳು ಅವ್ವ. ಅವನು ದವಡೆ ಹಿಡಿದು ಚಮಚ ತುರುಕಿದ. ಅಲುಗಾಡುತ್ತಿದ್ದ ಹಲ್ಲೊಂದು ಮುರಿದು, ಬಿಳಿ ಗಂಜಿಯಲ್ಲಿ ರಕ್ತ ಬೆರೆಯಿತು. ಕೈಗೆ ಸಿಕ್ಕ ಹಿತ್ತಾಳೆ ತಂಬಿಗೆಯಿಂದ ಅಣ್ಣನ ಹಣೆಗೆ ಹೊಡೆದೆ. ಅವನು ನನ್ನ ಜಡೆ ಹಿಡಿದು ಬಾಗಿಲಿಗೆ ಗುದ್ದಿದ. ವೈನಿ ಒಲೆಯ ಕಟ್ಟಿಗೆ ಹಿಡಿದು ಬಂದು, "ಆಕಿನ್ನ ಬಿಡು. ಇಲ್ಲಾಂದ್ರ ಇವತ್ತ ನಿನ್ನ ಸುಡ್ತೀನಿ," ಅಂದಳು. ನಮ್ಮನ್ನು ಬಿಡಿಸಲು ಅವ್ವ ಏಳಹೋದಳು. ಏಳಲಾಗದೆ ಅಲ್ಲೇ ಕುಸಿದಳು. ಆಗ ಮೂವರ ಕೈಗಳೂ ನಿಂತವು.

ರಾಯಚೂರಿನ ಆಸ್ಪತ್ರೆಯಲ್ಲಿ ಪಥ್ಯ ಹೇಳಿಕೊಡುವ ಹೆಣ್ಣುಮಗಳು ಅವ್ವನ ಮುಂದೆ ಎರಡು ಬೆರಳು ಚಾಚಿ, "ನನ್ನ ಬಳ್ಳು ಗಟ್ಟಿ ಹಿಚುಕ್ರಿ ಯವ್ವಾ," ಅಂದಳು. ಅವ್ವ ಹಿಚುಕಿದಳು. "ಇನ್ನೂ ಗಟ್ಟಿ."

"ಇರೋದ ಅಷ್ಟು, ನನ್ನವ್ವಾ."

ಹಣೆಗೆ ಪಟ್ಟಿ ಸುತ್ತಿಕೊಂಡಿದ್ದ ಅಣ್ಣನ ಕಡೆ ಪಥ್ಯದಾಕೆ ತಿರುಗಿದಳು. "ಉಪ್ಪು ಕಡಿಮಿ ಮಾಡ್ರಿ ಅಂದ್ರ ಊಟನ ಕಡಿಮಿ ಮಾಡೀರಲ್ರೀ. ಕಾಲಿಗೆ ತುಂಬಿದ್ದು ನೀರು, ಮಾಂಸ ಅಲ್ಲ. ಹಾರ್ಟ್ ವೀಕ್ ಇದ್ದವರು ಹೊಟ್ಟಿಗಿಲ್ಲದ ಸೊರಗಿದ್ರ ಗುಳಿಗಿ ಏನು ಮಾಡ್ತಾವ? ಹಿಂಗ ಬಿಟ್ರ ಉಳಿಯಂಗಿಲ್ರಿ."

ಔಷಧಿಗೆ ನೀರೆಲ್ಲ ಇಳಿದ ಮೇಲೆ ಮಂಚದ ಮೇಲೆ ಉಳಿದದ್ದು ಮೂಳೆ ಚಕ್ಕಳ. ಅಣ್ಣ ಅದನ್ನು ನೋಡಿದ. ಹೊರಗೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡ. ಒಣಗಿದ್ದ ಗಾಯ ಮತ್ತೆ ಬಿಚ್ಚಿ, ಪಟ್ಟಿ ಕೆಂಪಾಯಿತು. ನಾನು ಬಿಡಿಸಲು ಹೋಗಲಿಲ್ಲ.

ಅವ್ವನನ್ನು ಪೋತ್ನಾಳಕ್ಕೆ ಕರೆತಂದೆ. ಆಸ್ಪತ್ರೆಯ ಪಥ್ಯದಾಕೆ ಹೇಳಿಕೊಟ್ಟಂತೆ ಸ್ವಲ್ಪಸ್ವಲ್ಪವಾಗಿ ಮೇಲಿಂದ ಮೇಲೆ ಉಣಿಸಿದೆ. ಬೇಯಿಸಿದ ಕೋಳಿತತ್ತಿ, ಗಟ್ಟಿ ಬೇಳೆ, ಮೊಸರು, ಸಾರಿನಲ್ಲಿ ನೆನೆದ ರೊಟ್ಟಿ. ಉಪ್ಪಿನ ಕೊರತೆಗೆ ಬೆಳ್ಳುಳ್ಳಿ, ನಿಂಬೆಹುಳಿ. ಮೊದಮೊದಲು ಎರಡು ತುತ್ತಿಗೇ ದಣಿದು ಒರಗುತ್ತಿದ್ದಳು. "ನೀನೂ ನಿಮ್ಮಣ್ಣನ ತಂಗಿನ ಬಿಡು," ಎಂದು ಬೈಯುತ್ತಲೇ ತಿಂದಳು. ಬೈಗುಳ ಜೋರಾದಷ್ಟೂ ನನಗೆ ಜೀವ ಬಂದಂತಾಗುತ್ತಿತ್ತು.

ಅಣ್ಣ ಬಹಳ ದಿನ ಮುಖ ತೋರಿಸಲಿಲ್ಲ. ಕೊನೆಗೊಂದು ದಿನ ಹೊಲದ ಶೇಂಗಾ ಹೊತ್ತು ಬಂದು ಅವ್ವನ ಪಕ್ಕ ಕೂತ. ಅವ್ವ ಅರ್ಧ ತತ್ತಿ ತಿಂದು ತಟ್ಟೆ ಸರಿಸಿದಳು. ಅಡುಗೆಮನೆಯ ಬಾಗಿಲಿನಿಂದ ನನಗೆ ಅವನ ಮುಖದಲ್ಲಿ ಹಳೆಯ ಹೆದರಿಕೆ ಕಂಡಿತು. "ತಿನ್ನು ಬೇ ಯವ್ವಾ," ಅನ್ನುತ್ತ ಆಕೆಯ ದವಡೆಗೆ ಕೈ ಹಾಕಿದ.

ನಾನು ಹೊಸ್ತಿಲು ದಾಟುವುದರೊಳಗೆ ಫಟ್ ಎಂದು ಸದ್ದಾಯಿತು. ಓಡಿ ಬಂದೆ. ಅವ್ವನ ಕೈ ಇನ್ನೂ ಮೇಲೆಯೇ ಇತ್ತು. ಆಕೆ ಕೈ ಇಳಿಸಿದಳು. ತೋಳಬಂದಿ ಜಾರಲಿಲ್ಲ, ತೋಳಿನಲ್ಲೇ ನಿಂತಿತು. ಅಣ್ಣನ ಕೆನ್ನೆಯ ಮೇಲೆ ಬೆರಳುಗಳು ಮೂಡಿದ್ದವು. ಅವನು ಕೆನ್ನೆ ಮುಟ್ಟಿ ನೋಡಿಕೊಂಡ, ನನ್ನ ಮುಖ ನೋಡಿದ, ಗಳಗಳ ಅತ್ತುಬಿಟ್ಟ.

"ಇನ್ನೊಮ್ಮಿ ಹೊಡಿ ಬೇ," ಅಂದ.