ಹಾಡುವ ಇಟ್ಟಿಗೆ

ಗಜೇಂದ್ರಗಡದ ನಮ್ಮ ಓಣಿಗೆ ಮೊಬೈಲು ಆಗಷ್ಟೇ ಬಂದಿತ್ತು. ಅಲ್ಲಿಯ ರೇಡಿಯೋ ರಿಪೇರಿಯವರು ಏನನ್ನೇ ಬಿಚ್ಚುವ ಮೊದಲು ಕಿವಿಗೆ ಹಚ್ಚಿಕೊಂಡು, "ತಡೀರಿ ಅಕ್ಕಾರ, ಏನಂತೈತಿ ಕೇಳೂಣು" ಅನ್ನುತ್ತಿದ್ದರು.

ನನ್ನ ಮಗಳು ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಒಂದಕ್ಕೆ ಮಾತ್ರ ಸೆಲ್ಲಿತ್ತು. ಒತ್ತಿದರೆ ದೀಪ ಮಿನುಗಿ ಹಾಡು ಬರುತ್ತಿತ್ತು. ಅದು ಕೆಟ್ಟಾಗ ಇಟ್ಟಿಗೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು, ಮಗಳನ್ನೂ ಕರೆದುಕೊಂಡು ಅವರ ಅಂಗಡಿಗೆ ಹೋದೆ.

ಅವರು ಸರಿಮಾಡಿ, ಉಳಿದ ಇಟ್ಟಿಗೆಗಳಿಂದ ತಾವೇ ಮನೆ ಕಟ್ಟಿ, ಹಾಡುವುದನ್ನು ಮೇಲಿಟ್ಟರು. ಮಗಳ ಮೊಣಕೈ ತಾಗಿ ಮನೆ ಬಿತ್ತು. ಹಾಡು ಮಾತ್ರ ನಡೆದೇ ಇತ್ತು.

ಅವರ ಮುಖ ಸಪ್ಪಗಾಯಿತು. "ಮನಿ ಬಿದ್ರೂ ಹಾಡತೈತಲ್ರಿ! ಕಟ್ಟೂ ಸಾಮಾನಿಗೆ ಹಾಡರ ಯಾಕ ಬೇಕಿತ್ರಿ?"

"ಆಟಿಗಿ ಸಾಮಾನರಿ, ಹಾಡ್ಲಿ ಬಿಡ್ರಿ" ಎಂದೆ.

ಬಿಡಲಿಲ್ಲ. ಮತ್ತೆ ಬಿಚ್ಚಿ, ಒಳಗಿನ ತಂತಿಗಳ ನಡುವೆ ಸೈಕಲ್ ಬೇರಿಂಗಿನ ಸಣ್ಣ ಉಕ್ಕಿನ ಗುಂಡೊಂದನ್ನು ಕೂರಿಸಿದರು. ಈಗ ಅದು ನೆಟ್ಟಗಿದ್ದರೆ ಹಾಡುತ್ತಿತ್ತು, ಉರುಳಿದರೆ ಸುಮ್ಮನಾಗುತ್ತಿತ್ತು.

ಅಂದಿನಿಂದ ಮಗಳು ಮನೆ ಕಟ್ಟುವುದನ್ನೇ ಬಿಟ್ಟಳು. ದಿನವಿಡೀ ಆ ಒಂದೇ ಇಟ್ಟಿಗೆಯನ್ನು ನಿಲ್ಲಿಸುವುದು, ಕೆಡವುವುದು.

ಅವರು ಮನೆಗೇ ಬಂದು ನೋಡಿದರು. "ಅಕ್ಕಾರ, ನಾ ಇದನ್ನ ರಿಪೇರಿ ಮಾಡಿದ್ನೋ, ಕೆಡಿಸಿದ್ನೋ?"

ಸೆಲ್ಲು ತೆಗೆದುಬಿಡಲೇ ಎಂದು ಕೇಳಿದೆ.

"ತಡೀರಿ, ಏನಂತೈತಿ ಕೇಳೂಣು."

ಹಾಡುತ್ತಿದ್ದ ಇಟ್ಟಿಗೆಯನ್ನು ಎತ್ತಿ ಕಿವಿಯತ್ತ ವಾಲಿಸಿದರು. ಅದು ಸುಮ್ಮನಾಯಿತು.